ಕಂಬವಿಲ್ಲ, ತೊಲೆಯಿಲ್ಲ: ಸುರಂಗ ಏಕೆ ಕುಸಿಯುವುದಿಲ್ಲ?

[ದೃಶ್ಯ: ಅಡಿಕೆ ತೋಟದ ಮೇಲಿನ ಬರೆ, ಸುರಂಗದ ಬಾಯಿ]

ನಮಸ್ಕಾರ. ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡುವ ಸುರಂಗಗಳ ಬಗ್ಗೆ ವಿಡಿಯೋ ಮಾಡಿದಾಗ ನೀವು ನೀರನ್ನು ಬಿಟ್ಟು ಬೇರೆಯದನ್ನೇ ಕೇಳಿದಿರಿ: "ಮೇಲೆ ಇಡೀ ಗುಡ್ಡ, ಒಳಗೆ ಒಂದು ಕಂಬವೂ ಇಲ್ಲ. ಬೀಳುವುದಿಲ್ಲವೇ?"

ಗುರುತ್ವ ಕೇಂದ್ರ, ಆಧಾರದ ಅಗಲ ಇವೆಲ್ಲ ಶಾಲೆಯಲ್ಲಿ ಕಲಿತದ್ದೇ. ಬಿಟ್ಟು ಮುಂದೆ ಹೋಗೋಣ. ಇಲ್ಲಿ ಬೇಕಾದದ್ದು ಒಂದೇ ಸಂಗತಿ. ಈ ಗುಡ್ಡಗಳ ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆ ಕಲ್ಲನ್ನು, ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಛಾವಣಿ ಚಪ್ಪಟೆಯಾಗಿದ್ದರೆ ಭಾರಕ್ಕೆ ಬಾಗಿ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಸುರಂಗದ ಮಾಡನ್ನು ನೋಡಿ: ಗೂನುಬೆನ್ನು, ಅಂದರೆ ಕಮಾನು!

[ದೃಶ್ಯ: ಎರಡೂ ಕೈಗಳಲ್ಲಿ ತೂಗುವ ಸರಪಳಿ]

ಇದು ಹಟ್ಟಿಯಿಂದ ತಂದ ದನದ ಸರಪಳಿ. ಎರಡು ತುದಿ ಹಿಡಿದರೆ ತಾನಾಗಿ ಜೋತು ಬೀಳುತ್ತದೆ. ಇದರೊಳಗೆ ಇರುವುದು ಎಳೆತ ಮಾತ್ರ. ಈಗ ಇದೇ ಗೆರೆಯನ್ನು ತಲೆಕೆಳಗು ಮಾಡಿ. ಎಳೆತವಿದ್ದಲ್ಲೆಲ್ಲ ಒತ್ತಡ ಬಂತು, ಕಲ್ಲಿಗೆ ಬೇಕಾದದ್ದೂ ಅದೇ. ಇದನ್ನು ಕಂಡುಕೊಂಡ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಪುಸ್ತಕವೊಂದರಲ್ಲಿ ಅಚ್ಚು ಹಾಕಿಸಿದ. ಆದರೆ ಹೇಗೆ? ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಬಿಡಿಸಿ, ವರ್ಣಮಾಲೆಯ ಕ್ರಮದಲ್ಲಿ ಸಾಲಾಗಿ ಜೋಡಿಸಿ! ಕಂಡುಹಿಡಿದವನು ತಾನೇ ಎಂಬುದಕ್ಕೆ ಸಾಕ್ಷಿಯೂ ಆಯಿತು, ಗುಟ್ಟೂ ಉಳಿಯಿತು. 1703ರಲ್ಲಿ ಹುಕ್ ತೀರಿಕೊಂಡ; ಒಗಟಿನ ಉತ್ತರ ಅಚ್ಚಾದದ್ದು 1705ರಲ್ಲಿ. "ಬಾಗುವ ಸರಪಳಿ ಹೇಗೆ ತೂಗುತ್ತದೆಯೋ, ಗಟ್ಟಿ ಕಮಾನು ತಲೆಕೆಳಗಾಗಿ ಹಾಗೆಯೇ ನಿಲ್ಲುತ್ತದೆ" ಎಂಬುದು ಅದರ ಸಾರ. "ಉತ್ತರ ಮುಂದಿನ ಭಾಗದಲ್ಲಿ" ಎಂದು ವೀಕ್ಷಕರನ್ನು ಕಾಯಿಸುವ ನಮ್ಮಂಥವರು ಆತನ ಮುಂದೆ ಏನೂ ಅಲ್ಲ.

ಸುರಂಗದ ಮೇಲೆ ಗುಡ್ಡದ ಮಣ್ಣೂ ಇರುವುದರಿಂದ ಲೆಕ್ಕ ಸರಪಳಿಯಷ್ಟು ಸರಳವಲ್ಲ, ತತ್ತ್ವ ಅದೇ. ಮೇಲಿನ ಭಾರ ಕಮಾನಿನ ಮೇಲೆ ಸರಿದು ಇಬ್ಬದಿಯ ಗೋಡೆಗೆ ಇಳಿಯುತ್ತದೆ. ಮಾಡು ಚಪ್ಪಟೆ ಉಳಿದರೆ ಸಡಿಲ ಹೆಂಟೆಗಳು ಉದುರಿ ಉದುರಿ ಕೊನೆಗೆ ಕಮಾನೇ ಉಳಿಯುವುದುಂಟು. ಗುಡ್ಡಕ್ಕೂ ಲ್ಯಾಟಿನ್ ಬರುತ್ತದೆ ಅನ್ನಿ.

ಇನ್ನೊಂದು ಗುಟ್ಟು ಅಗಲ. ಎತ್ತರ ಸುಮಾರು 6 ಅಡಿ, ಅಗಲ 2 ಅಡಿಯ ಆಸುಪಾಸು. ಪಿಕ್ಕಾಸು ಬೀಸಲು ಒಬ್ಬನಿಗಷ್ಟೇ ಜಾಗ. ಜಿಪುಣತನವಲ್ಲ ಅದು. ಚಪ್ಪಟೆ ಮಾಡಿನ ಅಗಲ ಎರಡು ಪಟ್ಟಾದರೆ, ಮಾಡಿನ ದಪ್ಪ ಅಷ್ಟೇ ಇದ್ದಲ್ಲಿ, ಕೆಳಮೈಯ ಎಳೆತ ನಾಲ್ಕು ಪಟ್ಟಾಗುತ್ತದೆ. ಸುರಂಗ ತೋಡುವವರು ಈ ಲೆಕ್ಕವನ್ನು ಬರೆದಿಟ್ಟಿಲ್ಲ, ಕೈಯಲ್ಲಿ ಇಟ್ಟುಕೊಂಡಿದ್ದಾರೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ಮುರಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಡುಸಾಗುವುದೂ ಒಂದು ಅನುಕೂಲ. ಕುಸಿಯುವುದೇ ಇಲ್ಲವೇ? ಕುಸಿಯುತ್ತದೆ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು, ಅಂದರೆ ಮೆತ್ತನೆಯ ಜೇಡಿಯಂಥ ಮಣ್ಣು, ಸಿಕ್ಕಿದರೆ ಅಪಾಯ. ನೀರು ಕುಡಿದ ಶೇಡಿ ಮಣ್ಣಿಗೆ ತನ್ನನ್ನು ತಾನೇ ಹಿಡಿದುಕೊಳ್ಳುವ ಶಕ್ತಿ ಇಲ್ಲ. ಆದ್ದರಿಂದ ಮಳೆಗಾಲದಲ್ಲಿ ಹಳೆಯ ಸುರಂಗಕ್ಕೆ ನುಗ್ಗಿ ರೀಲ್ಸ್ ಮಾಡಬೇಡಿ. ಒಳಗೆ ಗಾಳಿಯ ಕೊರತೆಯೂ ಇರಬಹುದು. ತೋಡುವವರು ದೀಪ ಹಚ್ಚಿಟ್ಟುಕೊಂಡು ಅದು ಮಂಕಾದರೆ ಹೊರಗೆ ಬರುತ್ತಾರೆ. ನಮ್ಮ ಕ್ಯಾಮೆರಾ ದೀಪ ಬ್ಯಾಟರಿಯದ್ದು, ಅದಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಸುರಂಗದ ಬಾಯಿಯಲ್ಲೇ ನಿಂತು ಮಾತಾಡಿದೆ. ಮುಂದಿನ ವಾರ ಬೇಕಲ ಕೋಟೆಯ ಗೋಡೆ.