ಕೈ ಹಚ್ಚುವ ಮೊದಲು ನಡೆಸಿ ನೋಡಿ

ಕೇಳುಗರಿಗೆ ನಮಸ್ಕಾರ. ಕಾಲುನೋವು ಅಂತ ಬಂದವರು ಮೊದಲು ಎಕ್ಸ್‌ರೇ ಲಕೋಟೆಯನ್ನು ಮೇಜಿನ ಮೇಲಿಡುತ್ತಾರೆ. "ಸ್ವಲ್ಪ ನಡೆದು ತೋರಿಸಿ" ಅಂದರೆ, ಇದೇನು ಹೊಸ ವರಸೆ ಅನ್ನುವಂತೆ ಮುಖ ನೋಡುತ್ತಾರೆ. ಇವತ್ತು ಹೇಳುವುದು ಒಂದೇ ಮಾತು. ಕೈ ಹಚ್ಚುವ ಮೊದಲು ನಡೆಸಿ ನೋಡಬೇಕು. ಎಣ್ಣೆ ತಿಕ್ಕುವವರಿಗೂ ಈ ಮಾತು, ಫಿಸಿಯೋಥೆರಪಿ ಓದುತ್ತಿರುವ ಮಕ್ಕಳಿಗೂ ಇದೇ ಮಾತು.

ಬರಿಗಾಲಲ್ಲಿ ನಡೆಸಿ. ಪಂಚೆಯೋ ಸೀರೆಯೋ, ಮಂಡಿ ಕಾಣುವಷ್ಟು ಮೇಲೆ ಕಟ್ಟಿರಲಿ. ಪಡಸಾಲೆಯ ಉದ್ದಕ್ಕೆ ಮೂರು ನಾಲ್ಕು ಸಲ ಸಾಕು. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ನೋಡಿ. ಕಿವಿಯೂ ಅತ್ತ ಇರಲಿ: ಎರಡೂ ಹೆಜ್ಜೆಯ ಸದ್ದು ಒಂದೇ ಇದೆಯೇ?

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಕಡಲೆಕಾಯಿ ಹೊಲದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದ ಹೆಣ್ಣುಮಗಳೊಬ್ಬಳು ಅಂತಿಟ್ಟುಕೊಳ್ಳಿ. ಸಂಜೆ ಎದ್ದಾಗ ಬಲಪಾದ ಜೋತಿದೆ. ನಡೆಯುತ್ತಾ ಚಪ್ಪಲಿ ಕಳಚಿಬಿದ್ದದ್ದೂ ತಿಳಿಯುವುದಿಲ್ಲ. ಬೆರಳು ನೆಲಕ್ಕೆ ಎಡವದಿರಲಿ ಅಂತ ಮಂಡಿಯನ್ನು ಎತ್ತೆತ್ತಿ ಇಡುತ್ತಾಳೆ, ಪಾದ ಪಟ್ ಅಂತ ಬಡಿಯುತ್ತದೆ. ಮನೆಯವರು "ನರ ಹಿಡಿದಿದೆ" ಅಂತ ಸೊಂಟ ತಿಕ್ಕಿಸುತ್ತಾರೆ. ಸೊಂಟದಲ್ಲಿ ಏನೂ ಆಗಿರುವುದಿಲ್ಲ! ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಂಡು ಕೈಗೆ ಸಿಗುತ್ತದೆ. ಪಾದ ಎತ್ತುವ ನರ ಅದರ ಕೆಳಗೇ ಸುತ್ತಿಕೊಂಡು, ಚರ್ಮದ ಅಡಿಯಲ್ಲೇ ಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರಿಸಿದರೆ ಅಲ್ಲಿ ಅದುಮಿಹೋಗುತ್ತದೆ. ಅಲ್ಲಿ ಬೆರಳಿಂದ ಮೆಲ್ಲಗೆ ತಟ್ಟಿದರೆ ಪಾದದ ಮೇಲ್ಭಾಗಕ್ಕೆ ಜುಮ್ಮೆನ್ನಬಹುದು.

ಡಿಸ್ಕ್ ಜಾರಿ ಸೊಂಟದ ಐದನೇ ನರ ಒತ್ತಿದರೂ ಪಾದ ಜೋಲುತ್ತದಲ್ಲ, ಬೇರೆ ಮಾಡುವುದು ಹೇಗೆ? ಅಂಗಾಲನ್ನು ಒಳಮುಖ ತಿರುಗಿಸಲು ಹೇಳಿ, ನಿಮ್ಮ ಕೈಯಿಂದ ತಡೆಯಿರಿ. ಆದರೆ ಜೋತ ಪಾದವನ್ನು ಮೊದಲು ನೇರಕ್ಕೆ ತಂದು ಹಿಡಿದಿರಬೇಕು. ಇಲ್ಲವಾದರೆ ಗಟ್ಟಿಯಿರುವ ಸ್ನಾಯುವೂ ಸೋತಂತೆ ಕಾಣುತ್ತದೆ. ಓದಿದವರೂ ತಪ್ಪುವುದು ಇಲ್ಲೇ. ಆಮೇಲೆ ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲನ್ನು ಎತ್ತಿಸಿ, ಒತ್ತಿ ನೋಡಿ. ಎರಡೂ ಗಟ್ಟಿಯಿದ್ದರೆ ತೊಂದರೆ ಮಂಡಿಯ ಹತ್ತಿರ. ಎರಡೂ ಸೋತಿದ್ದರೆ ಸೊಂಟದಲ್ಲಿ. ಮಂಡಿಯ ಹತ್ತಿರವಾದರೆ ಕುಕ್ಕರಗಾಲು, ಚಕ್ಕಳಮಕ್ಕಳ, ಕಾಲ ಮೇಲೆ ಕಾಲು ಎಲ್ಲ ಬಂದ್. ಪಾದ ಎತ್ತಿ ಹಿಡಿಯುವ ಪಟ್ಟಿ ಕಟ್ಟಿಸಬೇಕು, ನರದ ಪರೀಕ್ಷೆ ಮಾಡಿಸಬೇಕು. ಆ ಮೂಳೆಯ ಪಕ್ಕ ತಿಕ್ಕಲೇಬಾರದು. ಅದುಮಿದ ನರವನ್ನು ಮತ್ತೆ ಅದುಮಿದಂತಾಗುತ್ತದೆ. ಇದೆಲ್ಲ ಹೊಳೆಯಬೇಕಾದರೆ ಆ ಪಟ್ ಸದ್ದು ಕೇಳಿರಬೇಕು. ಅದಕ್ಕೇ ನಡೆಸಿ ನೋಡಿ ಅನ್ನುವುದು.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ನಡೆಯುವಾಗ ಮೈ ಒಂದು ಕಡೆಗೆ ವಾಲಿದರೆ, ಆ ಬದಿಯ ಒಂದೇ ಕಾಲಲ್ಲಿ ಅರ್ಧ ನಿಮಿಷ ನಿಲ್ಲಿಸಿ. ಬಲಗಾಲಲ್ಲಿ ನಿಂತಾಗ ಎಡ ಸೊಂಟ ಕುಸಿದರೆ ಸೋತದ್ದು ಬಲಗಡೆಯ ಪೃಷ್ಠದ ಸ್ನಾಯು. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲೇ ಬರೆದಿಟ್ಟ ಪರೀಕ್ಷೆ, ಇದಕ್ಕೆ ಯಾವ ಯಂತ್ರವೂ ಬೇಡ. ಇನ್ನು, ಮಂಡಿನೋವು ಅಂದವರ ತೊಡೆ ಬುಡದ ಕೀಲನ್ನೂ ಒಳಮುಖ ತಿರುಗಿಸಿ ನೋಡಿ. ಆ ಕೀಲು ಸವೆದರೂ ನೋವು ಮಂಡಿಗೆ ಇಳಿಯುತ್ತದೆ. ಯಾವ ಕೀಲಾದರೂ ಸರಿ, ನೋವಿಲ್ಲದ ಕಡೆಯದನ್ನು ಮೊದಲು ಆಡಿಸಿ. ಅದೇ ಅಳತೆ.

ಒಂದಕ್ಕೆ ಮಾತ್ರ ಈ ಮಾತು ಸಲ್ಲದು. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ನಡೆಸಿ ನೋಡುತ್ತಾ ಕೂರಬೇಡಿ, ಎಣ್ಣೆಯನ್ನೂ ಹಚ್ಚಬೇಡಿ. ಬೆಳಗಾಗಲಿ ಅನ್ನದೆ, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೊರಡಿ. ನಮಸ್ಕಾರ.