ದಪ್ಪಗಾದ ಅಲಗನ್ನು ಕೈಯಾರೆ ತಿದ್ದುವುದು

ಎಲ್ಲರಿಗೂ ನಮಸ್ಕಾರ. ಚಾಕು ತಂದವರು ಸದ್ಯಕ್ಕೆ ಅದನ್ನು ಬಟ್ಟೆಯಲ್ಲಿ ಸುತ್ತಿಯೇ ಇಟ್ಟುಕೊಂಡಿರಿ. ಮಾತು ಮುಗಿದ ಮೇಲೆ ಕಲ್ಲಿನ ಮುಂದೆ ಕೂರೋಣ.

ವರ್ಷಗಟ್ಟಲೆ ಬಳಸಿದ ತರಕಾರಿ ಚಾಕುವಿಗೆ ಸಾಣೆ ಹಿಡಿಸಿ ತರುತ್ತೀರಿ. ಟೊಮೆಟೊ ಸಿಪ್ಪೆಯನ್ನು ಚೆನ್ನಾಗಿಯೇ ಕಚ್ಚುತ್ತದೆ. ಆದರೆ ಕ್ಯಾರೆಟ್ ಹೆಚ್ಚಲು ಹೋದರೆ ಅರ್ಧಕ್ಕೆ ಇಳಿಯುವಷ್ಟರಲ್ಲಿ ಅದು ಟಪ್ಪನೆ ಸೀಳಿಹೋಗುತ್ತದೆ. ಕುಂಬಳಕಾಯಿಯಲ್ಲಂತೂ ಸಿಕ್ಕಿಕೊಂಡೇಬಿಡುತ್ತದೆ. ಚಾಕು ಹರಿತವಾಗಿದೆ, ಆದರೂ ಕೊಯ್ಯುವುದಿಲ್ಲ. ಸಾಣೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಮುಟ್ಟದೆ ಬಿಡುವ ವಿಷಯ ಇದೇ.

ಚಾಕುವನ್ನು ಅಡ್ಡಕ್ಕೆ ಸೀಳಿ ನೋಡಿದರೆ ಕಾಣುವುದು ಒಂದು ಬೆಣೆ. ಬೆನ್ನಿನಲ್ಲಿ ದಪ್ಪ, ಬಾಯಿಯತ್ತ ತೆಳು. ಒಳ್ಳೆಯ ತರಕಾರಿ ಚಾಕುವಿನಲ್ಲಿ ಬಾಯಿಯ ಹಿಂದಿನ ಉಕ್ಕು ಅರ್ಧ ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ಪ್ರತಿ ಸಲ ಮಸೆದಾಗಲೂ ಬಾಯಿ ಬೆನ್ನಿನ ಕಡೆಗೆ ತುಸು ಸರಿಯುತ್ತದೆ, ಅಂದರೆ ಉಕ್ಕು ದಪ್ಪವಿರುವ ಕಡೆಗೆ. ಹೀಗೆ ವರ್ಷಗಳು ಕಳೆದ ಮೇಲೆ ತುದಿಯ ಗೆರೆಯೊಂದು ಚೂಪಾಗಿದ್ದರೂ ಅದರ ಹಿಂದೆ ದಪ್ಪನೆಯ ಭುಜ ನಿಂತಿರುತ್ತದೆ. ಕ್ಯಾರೆಟ್ಟನ್ನು ಸೀಳುವುದು ಆ ಭುಜ. ಅದನ್ನು ತೆಗೆಯದೆ ತುದಿಯನ್ನು ಎಷ್ಟು ಮಸೆದರೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಆಕಾರ, ಆಮೇಲೆ ಹರಿತ. ಚಾಕುವಿನ ಬಾಯಿಯನ್ನು ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಹಿಡಿಯ ಹತ್ತಿರದ ಭಾಗ ಉಬ್ಬಿಕೊಂಡು ನಡುವೆ ಬೆಳಕು ತೂರಿ ಬಂದರೆ ಬಾಯಿ ಗುಳಿಬಿದ್ದಿದೆ ಎಂದರ್ಥ. ಇಂಥ ಚಾಕುವಿನಲ್ಲಿ ಹೆಚ್ಚಿದ ಕೊತ್ತಂಬರಿ ಸೊಪ್ಪಿನ ದಂಟುಗಳು ಪೂರ್ತಿ ತುಂಡಾಗದೆ ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ. ಇದಕ್ಕೆ ಮದ್ದು ಒಂದೇ. ಚಾಕುವನ್ನು ಒರಟು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಉಬ್ಬು ಹೋಗಿ ಗೆರೆ ಸರಿಯಾಗುವ ತನಕ ಬಾಯಿಯನ್ನೇ ಉಜ್ಜಬೇಕು. ಹರಿತವನ್ನು ನಾವೇ ಕೊಲ್ಲುತ್ತಿದ್ದೇವೆ ಎಂದು ಸಂಕಟವಾಗುತ್ತದೆ, ಆದರೂ ಮಾಡಬೇಕು. ಮುಕ್ಕಾದ ಚಾಕುವಿಗೂ ಇದೇ ದಾರಿ.

ಅನಂತರ ಭುಜವನ್ನು ಇಳಿಸುವ ಕೆಲಸ. ಗ್ರಿಟ್ ಸಂಖ್ಯೆ 220ರಿಂದ 400ರ ಒಳಗಿನ ಕಲ್ಲು ಬೇಕು. ಈ ಸಂಖ್ಯೆ ಚಿಕ್ಕದಾದಷ್ಟೂ ಕಲ್ಲು ಒರಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಬೂದು ಕಲ್ಲಿನ ಒರಟು ಮುಖವೂ ಆದೀತು. ಅದು ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ 1893ರಲ್ಲಿ ಪೇಟೆಂಟ್ ಪಡೆದು ಕಾರ್ಬೊರಂಡಮ್ ಎಂದು ಹೆಸರಿಟ್ಟ ವಸ್ತು. ನಲವತ್ತೈದು ಮಿಲಿಮೀಟರ್ ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ ನಾಲ್ಕೇ ಮಿಲಿಮೀಟರ್ ಎತ್ತಿ. ಅಲ್ಲಿಗೆ ಸುಮಾರು 5 ಡಿಗ್ರಿಯಾಯಿತು. ಭುಜದ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದುಕೊಂಡರೆ ಕಲ್ಲು ಎಲ್ಲಿ ತಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡೂ ಬದಿ ಇಳಿಯಲು ಹೊತ್ತು ಹಿಡಿಯುತ್ತದೆ, ನೀರು ಕಪ್ಪಾಗುತ್ತದೆ, ನಿಮ್ಮ ತೋಳು ನೋಯುತ್ತದೆ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಪ್ರೀತಿಯ ಭಾಗ ಇದು. ಉಕ್ಕು ತನ್ನ ಹಳೆಯ ಆಕಾರಕ್ಕೆ ಮರಳುವುದು ಇಲ್ಲಿಯೇ.

ಯಂತ್ರದ ಚಕ್ರಕ್ಕೆ ಕೊಟ್ಟರೆ ಒಂದು ನಿಮಿಷದ ಕೆಲಸವಲ್ಲವೇ ಎಂದು ಕೇಳಬಹುದು. ಹೌದು. ಆದರೆ ತೆಳುವಾದ ಬಾಯಿಗೆ ಬಿಸಿ ತಡೆಯುವ ಶಕ್ತಿಯಿಲ್ಲ. ಕಾರ್ಬನ್ ಉಕ್ಕಿನ ಚಾಕುವಿಗೆ ಕುಲುಮೆಯಲ್ಲಿ ಹದ ಕೊಡುವಾಗ ಕೊನೆಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ತಾಗಿಸಿರುತ್ತಾರೆ. ಒಣ ಚಕ್ರದ ಮೇಲೆ ಬಾಯಿ ಅದನ್ನು ಮೀರಿ ಕಾಯ್ದರೆ ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, 300ರ ಹತ್ತಿರ ನೀಲಿ ಮೂಡುತ್ತದೆ. ನೀಲಿಯಾದ ಕಡೆ ಉಕ್ಕು ಮೆತ್ತಗಾಗಿರುತ್ತದೆ. ಅಲ್ಲಿ ಹರಿತ ನಿಲ್ಲುವುದಿಲ್ಲ. ಆ ಉಕ್ಕನ್ನು ಸವೆಸಿ ತೆಗೆಯಬೇಕು, ಇಲ್ಲವೇ ಮತ್ತೆ ಹದ ಕೊಡಿಸಬೇಕು. ಒದ್ದೆ ಕಲ್ಲಿನ ಮೇಲೆ ಕೈಯಿಂದ ಮಸೆಯುವಾಗ ಈ ಅಪಾಯವೇ ಇಲ್ಲ. ಸಾಣೆಯವರನ್ನು ನಾನು ದೂರುತ್ತಿಲ್ಲ. ನೀರು ಚಿಮುಕಿಸುತ್ತ ನಿಧಾನವಾಗಿ ಹಿಡಿಯುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಆಕಾರ ಬಂದ ಮೇಲೆ ಹರಿತ ಸುಲಭ. 1000ದ ಕಲ್ಲು, ಅದೇ ಚಾಕುವಿಗೆ ಬೆನ್ನು ಹನ್ನೆರಡು ಮಿಲಿಮೀಟರ್ ಎತ್ತರ, ಅಂದರೆ ಸುಮಾರು 15 ಡಿಗ್ರಿ. ಮೂಳೆ ಕಡಿಯುವ ಕತ್ತಿಗೆ ಇಷ್ಟು ತೆಳು ಬೇಡ. 20 ಅಥವಾ ಅದಕ್ಕಿಂತ ಹೆಚ್ಚಿರಲಿ. ಒಂದು ಬದಿಯನ್ನು ಮಸೆಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಉಕ್ಕಿನ ನವಿರಾದ ತರಕಲು ಎಳೆ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಅದು ತಗಲುತ್ತದೆ. ಬುಡದಿಂದ ತುದಿಯವರೆಗೆ ಅದು ಎದ್ದಿತೆಂದರೆ ಆ ಬದಿ ಮುಗಿಯಿತು. ಎಲ್ಲಿ ಎದ್ದಿಲ್ಲವೋ ಅಲ್ಲಿ ಕಲ್ಲು ಇನ್ನೂ ಬಾಯಿಗೆ ಮುಟ್ಟಿಲ್ಲ. ಕೊನೆಗೆ ಹಗುರ ಕೈಯಲ್ಲಿ ಎರಡೂ ಬದಿ ಒಂದೊಂದು ಸಲ ಎಳೆಯುತ್ತ ಆ ಎಳೆಯನ್ನು ಕಳಚಬೇಕು. ಅದನ್ನು ಉಳಿಸಿಕೊಂಡ ಚಾಕು ಮೊದಲ ದಿನ ಅದ್ಭುತವಾಗಿ ಕೊಯ್ಯುತ್ತದೆ, ಎಳೆ ಮಡಚಿಕೊಂಡ ಮೇಲೆ ಮೊಂಡಾಗುತ್ತದೆ.

ಈಳಿಗೆಮಣೆಯ ಲೆಕ್ಕ ಬೇರೆ. ಅಲಗು ಮಣೆಗೆ ಜಡಿದಿರುವುದರಿಂದ ಕಲ್ಲನ್ನೇ ಅಲಗಿನ ಹತ್ತಿರ ಒಯ್ಯಬೇಕು. ಒಳಬಾಗಿದ ಬಾಯಿಗೆ ಚಪ್ಪಟೆ ಕಲ್ಲು ಕೂರುವುದಿಲ್ಲ. ಕುಡುಗೋಲಿಗೆ ಬಳಸುವ, ನಡುವೆ ದಪ್ಪವಾಗಿ ಎರಡೂ ತುದಿಗೆ ಸಪೂರವಾದ ಕಲ್ಲನ್ನು ತೆಗೆದುಕೊಳ್ಳಿ. ಮಣೆ ಅಲುಗದಂತೆ ಇಟ್ಟು, ನಿಮ್ಮ ಬೆರಳು ಕಲ್ಲಿನ ಅಂಚಿನಿಂದ ಹಿಂದೆಯೇ ಇರಲಿ.

ಇಷ್ಟೆಲ್ಲ ಮಾಡಿದ ಚಾಕುವನ್ನು ದಯವಿಟ್ಟು ಗ್ರಾನೈಟ್ ಕಟ್ಟೆಯ ಮೇಲೆ ಬಳಸಬೇಡಿ. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಹರಳು ಚಾಕುವಿನ ಉಕ್ಕಿಗಿಂತ ಗಟ್ಟಿ. ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದ ಕೂದಲು ಕೂಡ ಕ್ಷೌರದ ಬ್ಲೇಡಿನ ಬಾಯಿಯನ್ನು ಮುಕ್ಕು ಮಾಡಬಲ್ಲದು ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ಹಾಗಿರುವಾಗ ಕಲ್ಲಿನ ಕಟ್ಟೆ ಏನು ಮಾಡೀತು! ಮರದ ಹಲಗೆ ಸಾಕು. ಹೆಚ್ಚಿದ ಈರುಳ್ಳಿಯನ್ನು ಪಾತ್ರೆಗೆ ಸರಿಸುವಾಗ ಬಾಯಿಯಿಂದ ಹಲಗೆಯನ್ನು ಕೆರೆಯಬೇಡಿ, ಚಾಕುವನ್ನು ತಿರುಗಿಸಿ ಬೆನ್ನಿನಿಂದ ಸರಿಸಿ.

ಕಲ್ಲುಗಳು ನೆನೆದಿವೆ. ಮುಕ್ಕಾದ ಚಾಕು ತಂದವರು ಮೊದಲು ಬನ್ನಿ, ನಿಮ್ಮ ಕೆಲಸ ಹೆಚ್ಚು ಹೊತ್ತು ಹಿಡಿಯುತ್ತದೆ.