ಬಾವುಟ ಇಳಿಸಿದ ಕ್ಯಾಪ್ಟನ್

ಎಲ್ಲರಿಗೂ ನಮಸ್ಕಾರ.

ಮಕ್ಕಳು ಸಿಯಾಟಲ್‌ನಲ್ಲಿ ಇರುವವರು ನಿಮ್ಮಲ್ಲಿ ಒಂದಿಬ್ಬರಾದರೂ ಇರುತ್ತೀರಿ. ಅಲ್ಲಿಗೆ ಹೋದಾಗ ಮಕ್ಕಳು ಒಂದು ಭಾನುವಾರ ಫೆರ್ರಿ ಹತ್ತಿಸಿ ಎದುರಿನ ದ್ವೀಪಕ್ಕೆ ಕರೆದುಕೊಂಡು ಹೋಗಿರುತ್ತಾರೆ. ಮುಕ್ಕಾಲು ಗಂಟೆಯೂ ಹಿಡಿಯದ ದಾರಿ. ಹೆಸರು ಬೈನ್‌ಬ್ರಿಜ್ ಐಲ್ಯಾಂಡ್. ಐಸ್‌ಕ್ರೀಂ ತಿಂದು, ಫೋಟೊ ತೆಗೆಸಿಕೊಂಡು ವಾಪಸ್ ಬಂದರೆ ಆಯಿತು. ಈ ಬೈನ್‌ಬ್ರಿಜ್ ಯಾರಪ್ಪಾ ಅಂತ ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳಲು ಹೊರಟಿರುವುದು ಅವನ ಕಥೆಯನ್ನೇ.

ವಿಲಿಯಂ ಬೈನ್‌ಬ್ರಿಜ್. 1774ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಹುಟ್ಟಿದವನು. ಇಪ್ಪತ್ತು ತುಂಬುವ ಮೊದಲೇ ವ್ಯಾಪಾರಿ ಹಡಗಿನ ಕ್ಯಾಪ್ಟನ್. 1798ರಲ್ಲಿ ಅಮೆರಿಕ ತನಗೊಂದು ನೌಕಾಪಡೆ ಬೇಕು ಅಂತ ಗಟ್ಟಿಯಾಗಿ ಕಟ್ಟಲು ಹೊರಟಾಗ ಸೇರಿಕೊಂಡ. ಆಗ ಅವನಿಗೆ 24 ವರ್ಷ. ಗಟ್ಟಿಮುಟ್ಟಾದ ಆಳು, ಮುಂಗೋಪಿ, ಕೆಳಗಿನವರ ಮೇಲೆ ಕೈ ಜೋರು. ಅವನ ಜೊತೆ ಸೆರೆಯಲ್ಲಿದ್ದ ಒಬ್ಬ ಸೈನಿಕ ಆಮೇಲೆ ಪುಸ್ತಕ ಬರೆದು ಅವನನ್ನು ಚೆನ್ನಾಗಿಯೇ ಬೈದಿದ್ದಾನೆ. ಆದ್ದರಿಂದ ಇವನು ಸಾಧು ಮನುಷ್ಯ ಅಂದುಕೊಂಡು ಕೇಳಬೇಡಿ.

ಆಗ ಅಮೆರಿಕಕ್ಕೂ ಫ್ರಾನ್ಸಿಗೂ ಸಮುದ್ರದ ಮೇಲೆ ಕಾದಾಟ ನಡೆದಿತ್ತು. ಸೇರಿದ ವರ್ಷವೇ ನವೆಂಬರ್‌ನಲ್ಲಿ ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದ ಹತ್ತಿರ ದೂರದಲ್ಲಿ ಎರಡು ಹಡಗು ಕಂಡವು. ಇಂಗ್ಲಿಷರದ್ದಿರಬೇಕು ಅಂದುಕೊಂಡು ಹತ್ತಿರ ಹೋದ. ನೋಡಿದರೆ ಫ್ರೆಂಚರವು! ಓಡುವ ಹಾಗಿಲ್ಲ, ಹೋರಾಡುವ ಹಾಗೂ ಇಲ್ಲ. ಬಾವುಟ ಇಳಿಸಿದ. ಅಮೆರಿಕದ ಹೊಸ ನೌಕಾಪಡೆಯಲ್ಲಿ ಶತ್ರುವಿಗೆ ಶರಣಾದ ಮೊದಲ ಹಡಗು ಅದೇ. ಅದರ ಹೆಸರು ರಿಟಾಲಿಯೇಶನ್, ಅಂದರೆ ಸೇಡು. ಹೆಸರಿಟ್ಟವರಿಗೆ ಏನನ್ನಿಸಿತೋ.

ಅಲ್ಲಿಯೂ ಅವನ ತಲೆ ಓಡಿತು ಅನ್ನಿ. ಜೊತೆಗೆ ಬಂದಿದ್ದ ಇನ್ನೆರಡು ಅಮೆರಿಕನ್ ಹಡಗುಗಳನ್ನು ಒಂದು ಫ್ರೆಂಚ್ ಹಡಗು ಅಟ್ಟಿಕೊಂಡು ಹೋಗುತ್ತಿತ್ತು. ಅವುಗಳಲ್ಲಿ ಎಷ್ಟು ತೋಪುಗಳಿವೆ ಅಂತ ಫ್ರೆಂಚ್ ನಾಯಕ ಕೇಳಿದಾಗ ಇವನು ಇದ್ದದ್ದಕ್ಕಿಂತ ಜಾಸ್ತಿ ಹೇಳಿಬಿಟ್ಟ. ಅವನು ಹೆದರಿ ತನ್ನ ಹಡಗನ್ನು ವಾಪಸ್ ಕರೆಸಿಕೊಂಡ. ಒಂದು ಹಡಗು ಕಳೆದು ಎರಡು ಉಳಿಸಿದ ಸುಳ್ಳು ಅದು. ಊರಿಗೆ ಬಂದಾಗ ಶಿಕ್ಷೆ ಆಗಲಿಲ್ಲ, ಬಡ್ತಿ ಸಿಕ್ಕಿತು.

ಎರಡನೆಯ ಅವಮಾನ ಇನ್ನೂ ವಿಚಿತ್ರ. ಆಗ ಉತ್ತರ ಆಫ್ರಿಕಾದ ಅಲ್ಜೀರ್ಸ್, ಟ್ಯೂನಿಸ್, ಟ್ರಿಪೋಲಿಗಳಿಗೆ ಕಪ್ಪ ಕೊಡದಿದ್ದರೆ ವ್ಯಾಪಾರಿ ಹಡಗುಗಳಿಗೆ ಉಳಿಗಾಲವಿರಲಿಲ್ಲ. ಹಡಗು ಹಿಡಿದು, ಜನರನ್ನು ಸೆರೆಯಲ್ಲಿಡುತ್ತಿದ್ದರು. ಬ್ರಿಟಿಷರ ಕೈಕೆಳಗೆ ಇದ್ದಷ್ಟು ಕಾಲ ಅಮೆರಿಕನ್ನರಿಗೆ ಬ್ರಿಟಿಷ್ ನೌಕಾಪಡೆಯ ನೆರಳಿತ್ತು. ಸ್ವಾತಂತ್ರ್ಯ ಬಂತು, ನೆರಳು ಹೋಯಿತು. 1800ರಲ್ಲಿ ಬೈನ್‌ಬ್ರಿಜ್ ಅಲ್ಜೀರ್ಸಿಗೆ ಹೋದದ್ದೇ ಕಪ್ಪ ತಲುಪಿಸಲು. ಹಡಗಿನ ಹೆಸರು ಜಾರ್ಜ್ ವಾಷಿಂಗ್ಟನ್. ಕೋಟೆಯ ತೋಪುಗಳ ಬಾಯಿಗೆ ಸರಿಯಾಗಿ ಲಂಗರು ಹಾಕಿ ನಿಲ್ಲಿಸಿದ್ದ. ಕಪ್ಪ ತೆಗೆದುಕೊಂಡ ದೊರೆ ಹೇಳಿದ: ಈಗ ನನ್ನ ರಾಯಭಾರಿಯನ್ನು, ತುರ್ಕಿಯ ಸುಲ್ತಾನರಿಗೆ ನಾನು ಕಳಿಸುವ ಕಾಣಿಕೆಗಳನ್ನು ಇಸ್ತಾಂಬುಲ್‌ಗೆ ಮುಟ್ಟಿಸಿ ಬಾ. ಆಗುವುದಿಲ್ಲ ಅಂದರೆ ತೋಪು ಹಾರುತ್ತದೆ. ಕಪ್ಪ ಕೊಡುವವರು ನನ್ನ ಗುಲಾಮರು ತಾನೇ, ಅನ್ನುವುದು ಅವನ ಲೆಕ್ಕ.

ಹೋಗಲೇಬೇಕಾಯಿತು. ಅದೂ ಅಲ್ಜೀರ್ಸಿನ ಬಾವುಟ ಏರಿಸಿಕೊಂಡು. ಆ ಹಡಗಿನಲ್ಲಿ ಏನೇನಿತ್ತು ಕೇಳಿ. ರಾಯಭಾರಿ ಮತ್ತು ಅವನ ಪರಿವಾರ, ಗುಲಾಮರು, 150 ಕುರಿ, ದನ, ಕುದುರೆ, ಜಿಂಕೆ, ಗಿಳಿ, ಸಿಂಹ, ಹುಲಿ. ಹುಲಿ ಅಂತಲೇ ಪಟ್ಟಿಯಲ್ಲಿದೆ. ಆಫ್ರಿಕಾದಲ್ಲಿ ಹುಲಿ ಎಲ್ಲಿಂದ ಬರಬೇಕು? ಚಿರತೆಯನ್ನೇ ಹಾಗಂದಿರಬೇಕು ಅಂತ ನನ್ನ ಅನುಮಾನ. ದಿನಕ್ಕೆ ಐದು ಸಲ ನಮಾಜು. ಗಾಳಿಗೆ ತಕ್ಕಂತೆ ಹಡಗು ತಿರುಗಿದಾಗಲೆಲ್ಲ ಮೆಕ್ಕಾ ಯಾವ ಕಡೆ ಅಂತ ದಿಕ್ಸೂಚಿ ನೋಡಿ ಹೇಳಲು ಒಬ್ಬ. ನಾವಿಕರು ಒಳಗೊಳಗೇ ನಗುತ್ತಿದ್ದರಂತೆ. ಕ್ಯಾಪ್ಟನ್‌ಗೆ ಮಾತ್ರ ನಗು ಬಂದಿರಲಿಕ್ಕಿಲ್ಲ. ಇನ್ನೊಂದು ಸಲ ಕಪ್ಪ ಹೊರಿಸುವುದಾದರೆ ಅದನ್ನು ತೋಪಿನ ಬಾಯಿಂದಲೇ ಕೊಡಲು ಅಪ್ಪಣೆ ಕೊಡಿ ಅಂತ ಸರ್ಕಾರಕ್ಕೆ ಬರೆದ.

ಇಸ್ತಾಂಬುಲ್‌ನಲ್ಲಿ ಅವನು ಏರಿಸಿದ ಅಮೆರಿಕದ ಬಾವುಟವನ್ನು ಅಲ್ಲಿನವರು ನೋಡಿಯೇ ಇರಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನ ಅಂದರೂ ಗೊತ್ತಾಗಲಿಲ್ಲ. ಕೊನೆಗೆ ಹೊಸ ಜಗತ್ತಿನಿಂದ ಬಂದವರು ಅಂತ ಹೇಳಿ ಅರ್ಥಮಾಡಿಸಬೇಕಾಯಿತು. ಅವಮಾನದ ಪ್ರಯಾಣವೇ, ಆದರೆ ಆ ಊರು ಕಂಡ ಮೊದಲ ಅಮೆರಿಕನ್ ಯುದ್ಧನೌಕೆ ಅದು.

ಮೂರನೆಯದು ಟ್ರಿಪೋಲಿ. ಇದೇ ದೊಡ್ಡ ಪೆಟ್ಟು.

ಆಗ ಟ್ರಿಪೋಲಿಗೂ ಅಮೆರಿಕಕ್ಕೂ ಯುದ್ಧ ನಡೆದಿತ್ತು. 1803ರ ಅಕ್ಟೋಬರ್ 31. 36 ತೋಪುಗಳ ಫಿಲಡೆಲ್ಫಿಯಾ ಹಡಗಿನಲ್ಲಿ ಒಂದು ಟ್ರಿಪೋಲಿ ಹಡಗನ್ನು ಬೆನ್ನಟ್ಟುತ್ತಾ ದಡದ ತೀರಾ ಹತ್ತಿರ ಬಂದ. ಅವನ ನಕ್ಷೆಯಲ್ಲಿ ಇಲ್ಲದ ಬಂಡೆಸಾಲಿನ ಮೇಲೆ ಹಡಗು ಹತ್ತಿ ಕೂತುಬಿಟ್ಟಿತು. ತೋಪುಗಳನ್ನು ನೀರಿಗೆ ಎಸೆದರು. ಮುಂದಿನ ಕೂವೆಮರ ಕಡಿದರು. ಅಲುಗಲಿಲ್ಲ. ಹಡಗು ಒಂದು ಕಡೆ ವಾಲಿದ್ದರಿಂದ ಉಳಿದ ತೋಪುಗಳೂ ಗುರಿಗೆ ಸಿಗುತ್ತಿರಲಿಲ್ಲ. ನಾಲ್ಕು ಗಂಟೆ ಹೆಣಗಾಡಿ, ತಳಕ್ಕೆ ತೂತು ಕೊರೆಸಿ, ಬಾವುಟ ಇಳಿಸಿದ. 307 ಜನ ಸೆರೆಯಾದರು. ಗಾಯದ ಮೇಲೆ ಬರೆ ಅನ್ನುವಂತೆ, ಎರಡೇ ದಿನದಲ್ಲಿ ಗಾಳಿ ಎದ್ದು ನೀರು ಏರಿತು. ಟ್ರಿಪೋಲಿಯವರು ಹಡಗನ್ನು ತೇಲಿಸಿಕೊಂಡು ಬಂದರಿಗೆ ತಂದರು. ಸೆರೆಯಲ್ಲಿದ್ದವರ ಕಣ್ಣೆದುರೇ!

ಇದು ಹಣೆಬರಹವೋ ತಪ್ಪೋ? ಜೊತೆಗಿದ್ದ ವಿಕ್ಸನ್ ಅನ್ನುವ ಸಣ್ಣ ಹಡಗನ್ನು ಅವನೇ ಬೇರೆ ಕಡೆಗೆ ಕಳಿಸಿದ್ದ. ಅದು ಇದ್ದಿದ್ದರೆ ಎಳೆದು ಬಿಡಿಸಬಹುದಿತ್ತು. ವಿಚಾರಣೆಯಲ್ಲಿ ಅವನ ತಪ್ಪಿಲ್ಲ ಅಂದರು. ನನಗಂತೂ ಅರ್ಧ ತಪ್ಪು ಅವನದೇ ಅನ್ನಿಸುತ್ತದೆ. ಅವನಿಗೂ ಅನ್ನಿಸಿತ್ತೇನೋ. ಸೆರೆಯಾದ ಮರುದಿನವೇ ಹೆಂಡತಿಗೆ ಪತ್ರ ಬರೆಯುತ್ತಾನೆ. ಹಡಗು ಬಂಡೆಯ ಮೇಲೆ ಹೊರಳಾಡುತ್ತಿದ್ದಾಗ ಒಂದು ಗುಂಡು ಬಂದು ನನ್ನ ತಲೆ ಹಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನುವ ಅರ್ಥದ ಮಾತು ಅದರಲ್ಲಿದೆ.

ಆದರೆ ಕೈಕಟ್ಟಿ ಕೂರಲಿಲ್ಲ. ನಾವು ಚಿಕ್ಕವರಿದ್ದಾಗ ನಿಂಬೆರಸದಲ್ಲಿ ಕಡ್ಡಿ ಅದ್ದಿ ಬರೆದು, ದೀಪಕ್ಕೆ ಹಿಡಿದು ಓದುತ್ತಿದ್ದೆವಲ್ಲ, ನೆನಪಿದೆಯಾ? ಅದನ್ನೇ ಇವನು ಮಾಡಿದ. ಮೇಲೆ ಮಾಮೂಲಿ ಪತ್ರ, ಸಾಲುಗಳ ನಡುವೆ ನಿಂಬೆರಸದ ಅಕ್ಷರ. ಡೆನ್ಮಾರ್ಕಿನ ಕಾನ್ಸುಲ್ ನಿಕೊಲಾಸ್ ನಿಸ್ಸೆನ್ ಪಾಪ ಒಳ್ಳೆಯ ಮನುಷ್ಯ, ಪತ್ರಗಳನ್ನು ದಾಟಿಸುತ್ತಿದ್ದ. ಹೊರಗೆ ಅಮೆರಿಕದ ಹಡಗುಪಡೆಯ ಮುಖ್ಯಸ್ಥ ಕಮೊಡೋರ್ ಪ್ರೆಬಲ್ ಕಾಗದವನ್ನು ಕಾಯಿಸಿ ಓದುತ್ತಿದ್ದ. ಡಿಸೆಂಬರ್‌ನ ಒಂದು ಪತ್ರದಲ್ಲಿ ಬೈನ್‌ಬ್ರಿಜ್ ಬರೆದ: ಬಂದರಿನಲ್ಲಿರುವ ನನ್ನ ಹಡಗನ್ನು ಸುಟ್ಟುಬಿಡಿ.

1804ರ ಫೆಬ್ರವರಿ 16ರ ರಾತ್ರಿ ಸೆರೆಯಲ್ಲಿದ್ದವರಿಗೆ ಗಲಾಟೆ ಕೇಳಿ ಎಚ್ಚರವಾಯಿತು. ಹಡಗಿನ ಡಾಕ್ಟರ್ ಕಿಟಕಿ ತೆರೆದು ನೋಡಿದರೆ ಫಿಲಡೆಲ್ಫಿಯಾ ಧಗಧಗ ಉರಿಯುತ್ತಿದೆ. ಅಮೆರಿಕದ ಯುವ ನೌಕಾಧಿಕಾರಿ ಸ್ಟೀಫನ್ ಡಿಕೇಟರ್ ಒಂದು ಸಣ್ಣ ಹಡಗಿನಲ್ಲಿ ಕತ್ತಲಲ್ಲಿ ನುಗ್ಗಿ, ಬೆಂಕಿ ಇಟ್ಟು, ತನ್ನವರಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ಹೊರಟುಹೋಗಿದ್ದ. ಡಿಕೇಟರ್ ರಾತ್ರಿ ಬೆಳಗಾಗುವುದರೊಳಗೆ ಹೀರೋ ಆದ. ನಿಂಬೆರಸದಲ್ಲಿ ಬರೆದವನು ಇನ್ನೂ ಒಳಗೇ ಇದ್ದ. ಒಟ್ಟು 19 ತಿಂಗಳು. 1805ರಲ್ಲಿ 60,000 ಡಾಲರ್ ಕೊಟ್ಟ ಮೇಲೆ ಬಿಡುಗಡೆ.

ಈಗ ಗೆದ್ದ ಕಥೆ. ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಶುರುವಾಗಿತ್ತು. 1812ರ ಡಿಸೆಂಬರ್ 29, ಬ್ರೆಜಿಲ್ ಕರಾವಳಿ. ಬೈನ್‌ಬ್ರಿಜ್ ಕೈಯಲ್ಲಿ ಕಾನ್‌ಸ್ಟಿಟ್ಯೂಷನ್ ಹಡಗು. ಎದುರಿಗೆ ಬ್ರಿಟಿಷರ ಜಾವಾ, ಹೊರಟಿದ್ದು ನಮ್ಮ ಬಾಂಬೆಗೆ! ಅಲ್ಲಿ ಕಟ್ಟುತ್ತಿದ್ದ ಯುದ್ಧನೌಕೆಗೆ ಬೇಕಾದ ತಾಮ್ರ ಅದರೊಳಗಿತ್ತು. ಬಾಂಬೆಯ ಸೇನೆಗೆ ಮುಖ್ಯಸ್ಥನಾಗಿ ನೇಮಕವಾಗಿದ್ದ ಜನರಲ್ ಹಿಸ್ಲಾಪ್ ಕೂಡ ಇದ್ದ. 1817ರಲ್ಲಿ ಮಹಿದ್‌ಪುರದಲ್ಲಿ ಹೋಳ್ಕರರ ವಿರುದ್ಧ ಯುದ್ಧ ನಡೆಸಿದವನು ಇದೇ ಹಿಸ್ಲಾಪ್. ಮೈಸೂರಿನ ಸಿಲ್ಲೇದಾರ್ ಕುದುರೆ ಪಡೆ ಅವತ್ತು ಅವನ ಕಡೆಗಿತ್ತು. ಇರಲಿ, ಸಮುದ್ರಕ್ಕೆ ಬರೋಣ.

ಮಧ್ಯಾಹ್ನ ಎರಡರ ಸುಮಾರಿಗೆ ಕಾಳಗ ಶುರು. ಬೈನ್‌ಬ್ರಿಜ್ ಸೊಂಟದ ಹತ್ತಿರ ಗುಂಡು ಹೊಕ್ಕಿತು. ಸ್ವಲ್ಪ ಹೊತ್ತಿಗೆ ಒಂದು ಗುಂಡು ಚುಕ್ಕಾಣಿ ಚಕ್ರವನ್ನೇ ಹಾರಿಸಿತು, ಅದರ ತಾಮ್ರದ ಚೂರು ಅವನ ತೊಡೆಗೆ ನೆಟ್ಟಿತು. ಚಕ್ರವಿಲ್ಲದೆ ಹಡಗು ತಿರುಗಿಸುವುದು ಹೇಗೆ? ಮೇಲಿನಿಂದ ಕೂಗಿ ಹೇಳುವುದು, ಕೆಳಗಿನ ಅಂತಸ್ತಿನಲ್ಲಿ ಆಳುಗಳು ಹಗ್ಗ ಎಳೆದು ಚುಕ್ಕಾಣಿ ತಿರುಗಿಸುವುದು. ಹಾಗೆಯೇ ನಡೆಸಿದ. ರಕ್ತ ಸುರಿಯುತ್ತಿದ್ದರೂ ಡೆಕ್ ಬಿಟ್ಟು ಇಳಿಯಲಿಲ್ಲ. ಜಾವಾದ ಕೂವೆಮರಗಳು ಒಂದೊಂದಾಗಿ ಬಿದ್ದವು. ಸಂಜೆಗೆ ಆ ಕಡೆಯವರು ಬಾವುಟ ಇಳಿಸಿದರು. ಜಾವಾ ರಿಪೇರಿಯಾಗದಷ್ಟು ಹಾಳಾಗಿತ್ತು, ಸುಟ್ಟುಹಾಕಿದರು. ಅದರ ಕ್ಯಾಪ್ಟನ್ ಹೆನ್ರಿ ಲ್ಯಾಂಬರ್ಟ್ ಸಾಯುವ ಸ್ಥಿತಿಯಲ್ಲಿದ್ದ. ಬ್ರೆಜಿಲ್‌ನಲ್ಲಿ ಅವನನ್ನು ದಡಕ್ಕಿಳಿಸಿದಾಗ, ತಾನೇ ಸರಿಯಾಗಿ ನಡೆಯಲಾಗದ ಬೈನ್‌ಬ್ರಿಜ್ ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಹೋಗಿ, ಅವನ ಕತ್ತಿಯನ್ನು ಹಿಂದಿರುಗಿಸಿದ. ಬಾವುಟ ಇಳಿಸಿದವನ ಹೊಟ್ಟೆಯ ಸಂಕಟ ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 1815ರಲ್ಲಿ ಅಲ್ಜೀರ್ಸ್ ಮೇಲೆ ಲೆಕ್ಕ ತೀರಿಸಲು ದೊಡ್ಡ ಪಡೆಯೊಂದಿಗೆ ಹೊರಟ. ತಲುಪುವಷ್ಟರಲ್ಲಿ ಡಿಕೇಟರ್ ಮೊದಲೇ ಹೋಗಿ ಕೆಲಸ ಮುಗಿಸಿದ್ದ. ಸಿಟ್ಟು ಬಹಳ ಕಾಲ ಇತ್ತು. ಆಮೇಲೆ ರಾಜಿಯಾದರು. 1820ರಲ್ಲಿ ಡಿಕೇಟರ್ ಇನ್ನೊಬ್ಬ ಅಧಿಕಾರಿಯ ಜೊತೆ ಪಿಸ್ತೂಲಿನ ದ್ವಂದ್ವಕ್ಕೆ ನಿಂತಾಗ, ಅವನ ಪರವಾಗಿ ಎಂಟು ಹೆಜ್ಜೆ ಅಂತರ ಗೊತ್ತುಮಾಡಿದವನು ಬೈನ್‌ಬ್ರಿಜ್. ಡಿಕೇಟರ್ ಸತ್ತ. ಬೈನ್‌ಬ್ರಿಜ್ 1833ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ.

ಕಾನ್‌ಸ್ಟಿಟ್ಯೂಷನ್ ಇವತ್ತಿಗೂ ಬೋಸ್ಟನ್‌ನಲ್ಲಿ ನೀರಿನ ಮೇಲೆ ತೇಲುತ್ತಿದೆ, ಹೋಗಿ ಹತ್ತಬಹುದು. ಬೈನ್‌ಬ್ರಿಜ್ ಹೆಸರನ್ನು ಅಮೆರಿಕನ್ ನೌಕಾಪಡೆ ಒಂದಾದ ಮೇಲೆ ಒಂದು ಹಡಗಿಗೆ ಇಡುತ್ತಾ ಬಂದಿದೆ. ಈಗಿನ ಬೈನ್‌ಬ್ರಿಜ್ 2009ರ ಏಪ್ರಿಲ್‌ನಲ್ಲಿ ಸೊಮಾಲಿಯಾ ಕಡೆಯ ಸಮುದ್ರದಲ್ಲಿತ್ತು. ಮೇರ್ಸ್ಕ್ ಅಲಬಾಮಾ ಅನ್ನುವ ಸರಕು ಹಡಗಿನ ಕ್ಯಾಪ್ಟನ್‌ನನ್ನು ಕಡಲ್ಗಳ್ಳರು ಒಂದು ಮುಚ್ಚಿದ ಲೈಫ್‌ಬೋಟ್‌ನಲ್ಲಿ ಒತ್ತೆಯಿಟ್ಟುಕೊಂಡಿದ್ದರು. ಸಮುದ್ರ ಒರಟಾಗಿತ್ತು. ಬೈನ್‌ಬ್ರಿಜ್ ಆ ದೋಣಿಗೆ ಹಗ್ಗ ಕಟ್ಟಿ ತನ್ನ ಹಿಂದೆ ಎಳೆದುಕೊಂಡು ಹೊರಟಿತು. ಏಪ್ರಿಲ್ 12ರ ಕತ್ತಲಲ್ಲಿ ಹಡಗಿನ ಹಿಂಬದಿಯಿಂದ ಏಕಕಾಲಕ್ಕೆ ಗುಂಡು ಹಾರಿದವು. ದೋಣಿಯಲ್ಲಿದ್ದ ಮೂವರು ಕಡಲ್ಗಳ್ಳರು ಸತ್ತರು. ಐದು ದಿನ ಸೆರೆಯಲ್ಲಿದ್ದ ಕ್ಯಾಪ್ಟನ್‌ನನ್ನು ಬೈನ್‌ಬ್ರಿಜ್ ಮೇಲೆ ಹತ್ತಿಸಿಕೊಂಡರು.

ನಮಸ್ಕಾರ.